ಬುಗುರಿಯವರ ಎಂಟನೆಯ ಹಾಡು

ನಮ್ಮೂರಿನ ದರ್ಜಿ ಅಳತೆಪಟ್ಟಿಯನ್ನು ಕುತ್ತಿಗೆಯಿಂದ ಇಳಿಸುವ ಮೊದಲು ಕೇಳುವ ಮಾತು, “ಯಾವ ಹಾಡಿಗೆ?” ಎಂದು. ಹೊರಗಿನಿಂದ ಬಂದವರು ತಬ್ಬಿಬ್ಬಾಗಿ “ಸುಮ್ಮನೆ ಹಾಕ್ಕೊಳ್ಳೋದಕ್ಕೆ” ಎನ್ನುತ್ತಾರೆ. ಊರಿನವರು ಹಾಗನ್ನುವುದಿಲ್ಲ. “ಹತ್ತೊಂಬತ್ತಕ್ಕೂ ನಿಲ್ಲೋ ಹಾಗೆ ಹೊಲಿಯಪ್ಪ, ಸೊಂಟದ ಲಾಡಿ ಗಟ್ಟಿಯಾಗಿರಲಿ” ಎನ್ನುತ್ತಾರೆ. ಒಂದು ಹಾಡನ್ನು ಮತ್ತೆ ಕೇಳಿದರೆ, ಅದನ್ನು ಮೊದಲ ಸಲ ಕೇಳಿದಾಗ ಎಷ್ಟು ವಯಸ್ಸಾಗಿತ್ತೋ ಅಷ್ಟೇ ವಯಸ್ಸಿನ ಮೈ ಇಲ್ಲಿ ನಮಗೆ ಬರುತ್ತದೆ. ಹಾಡು ಮುಗಿದರೆ ಹೋಗುತ್ತದೆ. ಬುದ್ಧಿ ಇದ್ದಲ್ಲೇ ಇರುತ್ತದೆ, ಬಟ್ಟೆ ಇದ್ದಷ್ಟೇ ಇರುತ್ತದೆ, ಮೈ ಮಾತ್ರ ಹೋಗಿ ಬರುತ್ತದೆ. ಆದ್ದರಿಂದ ಪ್ಯಾಂಟು ಜಾರದಂತೆ ನೋಡಿಕೊಳ್ಳುವ ದರ್ಜಿಗೆ ನಮ್ಮಲ್ಲಿ ಡಾಕ್ಟರಿಗಿಂತ ಹೆಚ್ಚಿನ ಮರ್ಯಾದೆ.

ನಮ್ಮ ಯಜಮಾನರು ನರಹರಿ ಅಂಥ ದರ್ಜಿ. ಅಂಗಡಿಯ ಹೆಸರೇ ‘ಎರಡಳತೆ’. ಇವತ್ತಿನ ಮೈಗೊಂದು ಅಳತೆ, ಹಾಡಿನ ಮೈಗೊಂದು ಅಳತೆ, ಎರಡನ್ನೂ ಒಂದೇ ಬಟ್ಟೆಯಲ್ಲಿ ಮಡಿಕೆ ಇಟ್ಟು ಹೊಲಿಯುವುದು ಅವರ ಕೈಚಳಕ.

ಮೊದಲ ಸಲ ಕೇಳುವುದೆಂದರೆ ಹುಡುಗಾಟವಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಜ್ವರ ಬಂದವರ ಮನೆಯಲ್ಲಿ ರೇಡಿಯೋ ಹಾಕುವುದಿಲ್ಲ. ಹಲ್ಲುನೋವಿದ್ದವರು ಕಿವಿಗೆ ಹತ್ತಿ ತುರುಕಿಕೊಂಡೇ ಬೀದಿಗೆ ಇಳಿಯುತ್ತಾರೆ. ಆದರೂ ಎಡವಟ್ಟು ಆಗುತ್ತದೆ. ನಮ್ಮ ಎದುರು ಮನೆಯ ಜಲಜಾಕ್ಷಿಗೆ ಚೊಚ್ಚಲ ಹೆರಿಗೆಯ ನೋವು ಕಾಣಿಸಿಕೊಂಡ ಹೊತ್ತಿಗೆ ಪಕ್ಕದ ಮನೆಯ ಬುದ್ಧಿಗೇಡಿಯೊಬ್ಬ ‘ಕೊಡೆ ಮರೆತ ಹುಡುಗಿ’ ಎಂಬ ಹಾಡನ್ನು ದೊಡ್ಡದಾಗಿ ಹಾಕಿದ. ಇವತ್ತಿಗೂ ಆ ಹಾಡು ಎಲ್ಲಿ ಕೇಳಿಸಿದರೂ ಆಕೆಗೆ ಒಂಬತ್ತು ತಿಂಗಳ ಹೊಟ್ಟೆ, ಜೊತೆಗೆ ಹಾಡು ಮುಗಿಯುವ ತನಕ ಹೆರಿಗೆ ನೋವು. “ಮೊಮ್ಮಗಳ ನಾಮಕರಣದಲ್ಲಿ ಹಾಕಿಬಿಟ್ರು ಕಣೇ, ಬಂದೋರೆಲ್ಲ ಯಾರಿಗೆ ಬಾಣಂತನ ಅಂತ ಕೇಳಿದ್ರು” ಎಂದು ಒಮ್ಮೆ ನನ್ನ ಹತ್ತಿರ ಅತ್ತಳು, ಆಮೇಲೆ ಇಬ್ಬರೂ ನಕ್ಕೆವು.

ಆ ಹಾಡು ‘ಬುಗುರಿ’ ಎಂಬ ತಂಡದ್ದು. ನಾಲ್ಕು ಜನರ ಪಾಪ್ ತಂಡ, ಹಾಡುವವಳು ಚಂಪಕಾ. ನಮ್ಮವರ ಹರೆಯದಲ್ಲಿ ಊರಿಗೆ ಊರೇ ಅವರ ಹಿಂದೆ ಬಿದ್ದಿತ್ತು. ಪೋಸ್ಟರಿನಲ್ಲಿ ಯಾರ ಹೆಸರು ಮೇಲೆ ಎಂಬ ಜಗಳಕ್ಕೆ ತಂಡ ಒಡೆಯಿತು. ಅಭಿಮಾನಿ ಸಂಘ ಮಾತ್ರ ಒಡೆಯಲಿಲ್ಲ. ಬುಗುರಿ ಬಿಟ್ಟು ಬೇರೆ ತಂಡದ ಹಾಡಿಗೆ ಕಿವಿ ಕೊಡುವುದಿಲ್ಲ ಎಂದು ಸಂಘದವರೆಲ್ಲ ಆಣೆ ಮಾಡಿದರು. ನಮ್ಮವರು ಅದರ ಅಧ್ಯಕ್ಷರು. ವಾರಕ್ಕೊಮ್ಮೆ ಹಳೆಯ ಐಸ್ ಫ್ಯಾಕ್ಟರಿಯ ಶೆಡ್ಡಿನಲ್ಲಿ ಸೇರುತ್ತಾರೆ. ಹಾಡು ಹಾಕುವ ಮೊದಲು ಒಂದು ಸ್ಟೀಲ್ ತಟ್ಟೆ ಸುತ್ತು ಬರುತ್ತದೆ, ಹಲ್ಲಿನ ಸೆಟ್ಟು ಇಟ್ಟುಕೊಂಡವರು ಅದರಲ್ಲಿ ತೆಗೆದಿಡಬೇಕು. ಇಲ್ಲದಿದ್ದರೆ ಸ್ವಂತ ಹಲ್ಲು ಬರುವಾಗ ಕಟ್ಟಿಸಿದ ಹಲ್ಲಿಗೂ ಅದಕ್ಕೂ ಬಾಯಲ್ಲೇ ಜಾಗದ ತಕರಾರು. ಹಾಡು ಶುರುವಾದರೆ ಬೋಳುತಲೆಗಳೆಲ್ಲ ಕಪ್ಪಗಾಗಿ, ಲಾಡಿಗಳೆಲ್ಲ ಬಿಗಿಯಾಗಿ, ಅರವತ್ತರ ಗಂಡಸರು ಹತ್ತೊಂಬತ್ತರ ಹುಡುಗರಾಗಿ ಬೆಂಚಿನ ಮೇಲೆ ಕುಣಿಯುತ್ತಾರೆ.

ನಾನು ಬೆಳೆದದ್ದು ಬೇರೆ ರೀತಿ. ನಮ್ಮ ತಂದೆ ಹನುಮಂತರಾಯನ ಗುಡಿಯ ಜಗಲಿಯಲ್ಲಿ ಕಾವ್ಯ ಓದುತ್ತಿದ್ದರು. ರಾಗಕ್ಕೆ ಪದ್ಯ ಕೂತರೆ ಅದೂ ಹಾಡೇ, ಅದಕ್ಕೂ ಇದೇ ನಿಯಮ. ಹಾಗಾಗಿ ಏಳು ತುಂಬದ ಮಕ್ಕಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಮುಂದೆ ಮುದುಕರಾದಾಗ ಕೂಸಾಗಿ ಅಂಬೆಗಾಲಿಡುವುದು ಬೇಡವೆಂದು. ಏಳಕ್ಕೆ ಕೂರಿಸಿದರೆ ಕೈಮುಗಿದು ಕೂರುವ ಬುದ್ಧಿ ಮೈಗೂ ಇರುತ್ತದೆ. ತಂದೆ ಓದಲು ತೊಡಗಿದರೆ ಜಗಲಿಯ ತುಂಬ ಏಳು ವರ್ಷದ ಅಜ್ಜ ಅಜ್ಜಿಯರು, ಪಂಚೆ ಸೀರೆಗಳ ರಾಶಿಯೊಳಗಿಂದ ಕತ್ತು ಮಾತ್ರ ಹೊರಗೆ ಹಾಕಿ ಕೂತಿರುತ್ತಿದ್ದರು. ಅಷ್ಟು ಭಕ್ತಿಯ ಸಭೆಯನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಮದುವೆಯಾದ ಮೇಲೆ ತೊಡಕು ತಿಳಿಯಿತು. ಬುಗುರಿಯವರ ಹಾಡನ್ನು ನಾನು ಮೊದಲು ಕೇಳಿದ್ದು ಗಂಡನ ಮನೆಗೆ ಬಂದ ಮೇಲೆ, ನನ್ನ ಇಪ್ಪತ್ತನಾಲ್ಕರಲ್ಲಿ. ಅವರು ಹತ್ತೊಂಬತ್ತಕ್ಕೇ ಕೇಳಿದ್ದರು. ಅವರು ನನ್ನ ಪದ್ಯಗಳನ್ನು ಮೊದಲು ಕೇಳಿದ್ದು ಇಪ್ಪತ್ತೆಂಟರಲ್ಲಿ. ನಾನು ಏಳಕ್ಕೇ ಕೇಳಿದ್ದೆ. ಅವರ ಹಾಡಿನಲ್ಲಿ ನಾನು ಅಕ್ಕ. ನನ್ನ ಪದ್ಯದಲ್ಲಿ ಅವರು ಅಪ್ಪ. ಅವರು ಹಾಡು ಹಾಕಿಕೊಂಡು ಮೀಸೆ ಚಿಗುರಿದ ಮುಖದಲ್ಲಿ ನನ್ನತ್ತ ನೋಡಿ ಕಣ್ಣು ಹೊಡೆದರೆ ನನಗೆ ಬೈಯಬೇಕೆನಿಸುತ್ತಿತ್ತು. ನಾನು ಪದ್ಯ ಹೇಳಿಕೊಂಡರೆ ಅವರು ಪಾಪ, ನನ್ನ ಸೀರೆಯ ಸೆರಗು ದೀಪಕ್ಕೆ ತಾಗದಂತೆ ಹಿಡಿದುಕೊಂಡು ಕಾವಲು ಕೂರುತ್ತಿದ್ದರು. ನಮ್ಮಿಬ್ಬರನ್ನೂ ಗಂಡಹೆಂಡಿರಾಗಿಯೇ ಕೂರಿಸುವ ಒಂದೇ ಒಂದು ಹಾಡು ಇಷ್ಟು ವರ್ಷದಲ್ಲಿ ನಮಗೆ ಒದಗಲಿಲ್ಲ. ನಾನು ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ದೇವರ ಮುಂದೆ ಕೂತಾಗ ಕೇಳಿಕೊಳ್ಳಲು ಬೇರೆ ಏನೂ ತೋಚದ ದಿನಗಳಲ್ಲಿ ಇದನ್ನೇ ಕೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಸುದ್ದಿ ಬಂತು. ಬುಗುರಿಯವರು ಜಗಳ ಮರೆತು ಮತ್ತೆ ಸೇರಿದ್ದಾರೆ, ಎಂಟು ಹೊಸ ಹಾಡುಗಳ ಆಲ್ಬಂ ಮಾಡಿದ್ದಾರೆ, ಸಂಘದ ಶೆಡ್ಡಿನಲ್ಲೇ ಬಿಡುಗಡೆ. ನಮ್ಮವರು ಕತ್ತರಿಯನ್ನು ಕೈಯಲ್ಲಿ ಹಿಡಿದೇ ಬೀದಿಗೆ ಓಡಿದರು. ಊರಿನ ಅರ್ಧ ಜನ ಹೊಸ ಪ್ಯಾಂಟಿಗೆ ಅಳತೆ ಕೊಟ್ಟರು. ಟೀ ಅಂಗಡಿಯ ದಾಸೇಗೌಡ, ಸಂಘದ ಕಾರ್ಯದರ್ಶಿ, “ಎಂಟು ಹಾಡು ಅಂದ್ರೆ ಒಟ್ಟಿಗೆ ಅರ್ಧ ಗಂಟೆ ಪ್ರಾಯ ಕಣಣ್ಣೋ! ಮಧ್ಯೆ ಬಿಡುವೇ ಇಲ್ಲ!” ಎಂದು ಎಲ್ಲರಿಗೂ ಪುಕ್ಕಟೆ ಟೀ ಕೊಟ್ಟ.

ಯಾರಿಗೂ ಆ ಒಂದು ವಿಷಯ ಹೊಳೆಯಲೇ ಇಲ್ಲ. ಇಷ್ಟು ವರ್ಷ ಬುಗುರಿ ಅಂದರೆ ಹರೆಯ, ಹರೆಯ ಅಂದರೆ ಬುಗುರಿ. ಚಂಪಕಾ ಬಾಯಿ ತೆರೆದರೆ ಕೂದಲು ಬರುತ್ತದೆ ಎಂದೇ ಅವರ ನಂಬಿಕೆ. ನನಗೆ ಹೊಳೆದಿತ್ತು, ಇನ್ನೂ ಕೇಳದ ಹಾಡಿಗೆ ಹಿಂದಿನ ವಯಸ್ಸು ಎಲ್ಲಿಂದ ಬರಬೇಕು? ಹೇಳಿದರೆ ಯಾರು ಕೇಳುತ್ತಾರೆ? ಬಿಡುಗಡೆಯ ದಿನ ಶೆಡ್ಡಿನ ಹಿಂದಿನ ಪರದೆಯ ಆಚೆ ಬೋಂಡಾ ಕರಿಯುವ ಕೆಲಸ ನನಗೆ ಬಿತ್ತು.

ಚಂಪಕಾ ಬಂದಳು. ದಪ್ಪ ಕನ್ನಡಕ, ಹೆಗಲಿಗೆ ಕೈಚೀಲ, ಮೆಟ್ಟಿಲು ಹತ್ತುವಾಗ ಒಂದು ಕೈ ಸೊಂಟದ ಮೇಲೆ. ಉಳಿದ ಮೂವರು ಕುರ್ಚಿಯಲ್ಲಿ ಆಗಲೇ ಕೂತಿದ್ದರು. ಎಲ್ಲರ ಕೈಗೂ ಒಂದೊಂದು ಸಿ.ಡಿ. ಬಂತು, ತಟ್ಟೆ ಸುತ್ತು ಬಂತು. ದಾಸೇಗೌಡ ಹಲ್ಲು ತೆಗೆದಿಟ್ಟ. ಎಲ್ಲರೂ ಲಾಡಿ ಬಿಗಿದುಕೊಂಡು ಕಣ್ಣು ಮುಚ್ಚಿ ತಯಾರಾದರು. ಮೊದಲ ಹಾಡು ಹತ್ತಿತು.

‘ಬಾಗಿಲು ತೆಗೆಯಲು ತಡವಾದರೆ ಬೈಯಬೇಡ, ಮೊಣಕಾಲನ್ನು ಕೇಳಿಕೊಂಡು ಬರಬೇಕು’ ಎಂದು ಚಂಪಕಾ ಹಾಡುತ್ತಿದ್ದಳು. ದನಿ ಹಳೆಯ ತಾಮ್ರದ ಚೊಂಬಿನ ಹಾಗೆ ಅಲ್ಲಲ್ಲಿ ನೆಗ್ಗಿತ್ತು. ನಾನು ಪರದೆ ಸರಿಸಿ ನೋಡಿದೆ. ಬೋಳುತಲೆಗಳು ಬೋಳಾಗಿಯೇ ಇದ್ದವು. ಒಬ್ಬೊಬ್ಬರೇ ಒಂದು ಕಣ್ಣು ತೆರೆದು ಪಕ್ಕದವನನ್ನು ನೋಡಿದರು.

“ನಿಂಗೆ ಬಂತಾ?”

“ಇಲ್ಲ. ನಿಂಗೆ?”

“ಸ್ವಲ್ಪ ತಡೀರಿ, ಚರಣಕ್ಕೆ ಬರಬಹುದು.”

ಚರಣಕ್ಕೂ ಬರಲಿಲ್ಲ. ದಾಸೇಗೌಡ ತನ್ನ ಬರಿ ವಸಡನ್ನು ಬೆರಳಿನಿಂದ ತಡವಿ ನೋಡಿಕೊಂಡು “ಮೋಸ ಕಣಣ್ಣೋ!” ಎಂದು ಕಿರುಚಿದ. ಆ ಕೂಗಿಗೆ ಬೆಚ್ಚಿ ನಾನು ಬೆರಳನ್ನು ಎಣ್ಣೆಗೆ ತಾಗಿಸಿಕೊಂಡೆ. ಹಾಡು ಮುಗಿಯುವಷ್ಟರಲ್ಲಿ ಶೆಡ್ಡು ಸಂತೆಯಾಗಿತ್ತು. “ಪಾಪ್ ಹಾಡಲ್ಲಿ ಮೊಣಕಾಲು ಯಾಕ್ರೀ ಬರುತ್ತೆ?” ಎಂದು ಒಬ್ಬ. “ಗಂಟಲು ಹೋಗಿದೆ, ಅದಕ್ಕೇ ಕೆಲಸ ಮಾಡ್ತಿಲ್ಲ” ಎಂದು ಇನ್ನೊಬ್ಬ. ಜಲಜಾಕ್ಷಿ ಮಾತ್ರ, “ನನಗೆ ನೋವೂ ಬರಲಿಲ್ಲ, ಅಷ್ಟಕ್ಕೆ ನಾನು ಖುಷಿ” ಎಂದಳು. ಅವಳ ಮಾತು ಯಾರಿಗೂ ಬೇಕಿರಲಿಲ್ಲ.

ನಮ್ಮವರು ಎದ್ದು ನಿಂತು ಕೈಮುಗಿದರು. “ಮೇಡಂ, ತಪ್ಪು ತಿಳೀಬೇಡಿ. ನಮಗೆ ಹಳೇ ಹಾಡೇ ಸಾಕು. ಉಳಿದ ಏಳನ್ನ ನಾವು ಕೇಳೋದಿಲ್ಲ.”

ಚಂಪಕಾ ಕನ್ನಡಕ ಒರೆಸಿಕೊಂಡಳು. “ಅಲ್ರಪ್ಪಾ, ನಮ್ಮ ಹಾಡಿಂದ ನಿಮ್ಮ ವಯಸ್ಸು ಕಳೀಬೇಕು, ಸರಿ. ಹಾಡೋ ನಮಗೆ ವಯಸ್ಸೇ ಆಗಬಾರದಾ?”

ಮುಂದಿನ ಹುಣ್ಣಿಮೆಗೆ ಬರುತ್ತೇವೆ, ಅಷ್ಟರಲ್ಲಿ ಎಲ್ಲರೂ ಸಿ.ಡಿ.ಗಳನ್ನು ವಾಪಸು ಕೊಟ್ಟಿರಿ, ತೆಗೆದುಕೊಂಡು ಹೋಗುತ್ತೇವೆ, ಆಮೇಲೆ ಬುಗುರಿ ಎಂಬುದೇ ಇರುವುದಿಲ್ಲ ಎಂದು ಹೇಳಿ ಅವಳು ಕೈಚೀಲ ಎತ್ತಿಕೊಂಡಳು. ನನ್ನ ಬೋಂಡಾ ಒಂದೂ ಮುಟ್ಟಲಿಲ್ಲ.

ವಾಪಸು ಬಂದ ಸಿ.ಡಿ.ಗಳೆಲ್ಲ ಒಂದು ಗೋಣಿಚೀಲದಲ್ಲಿ ನಮ್ಮ ಮನೆಗೇ ಬಂದವು. ಅಧ್ಯಕ್ಷರ ಮನೆಯಲ್ಲವೇ. ನಮ್ಮವರು ಅದನ್ನು ಹೊಲಿಗೆ ಯಂತ್ರದ ಕೆಳಗೆ ತಳ್ಳಿ, ಮಾತಾಡದೆ ಹೊಸ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತ ಕೂತರು. ನಾನು ಬೆರಳಿಗೆ ಜೇನುತುಪ್ಪ ಸವರಿಕೊಂಡು ಆ ಚೀಲವನ್ನೇ ನೋಡುತ್ತಿದ್ದೆ. ಏಳು ಹಾಡು. ಅವರೂ ಕೇಳಿಲ್ಲ, ನಾನೂ ಕೇಳಿಲ್ಲ. ಒಟ್ಟಿಗೆ ಕೂತು ಕೇಳಿದರೆ, ಇನ್ನು ಮುಂದೆ ಯಾವಾಗ ಕೇಳಿದರೂ ನಾನು ಅಕ್ಕನಲ್ಲ, ಅವರು ಅಪ್ಪನಲ್ಲ. ದೇವರು ವರವನ್ನು ಗೋಣಿಚೀಲದಲ್ಲಿ ತುಂಬಿ ಮನೆಯೊಳಗೇ ಇಟ್ಟು ಹೋಗಿದ್ದ. ಹುಣ್ಣಿಮೆಗೆ ಅದು ಹೊರಟುಹೋಗುತ್ತದೆ.

“ಏನಂದ್ರೆ, ಒಂದು ಮಾತು” ಎಂದೆ.

ಅವರು ತಲೆ ಎತ್ತಿದರು. ನಾನಾಗಿ ಮಾತು ತೆಗೆಯುವುದು ಅಪರೂಪ.

“ಇದನ್ನ ನಾವಿಬ್ರೂ ಕೂತು ಕೇಳೋಣ.”

“ತಲೆ ಕೆಟ್ಟಿದೆಯಾ ಭಾಗೂ? ಈ ಅರವತ್ತೊಂದಕ್ಕೆ ಕೇಳೋದಾ? ಕೇಳಿದಾಗೆಲ್ಲ ಇದೇ ಮೊಣಕಾಲು, ಇದೇ ಬೊಜ್ಜು ಬಂದು ಕೂತ್ಕೊಳ್ಳುತ್ತೆ. ಯಾರಿಗೆ ಬೇಕು ಈ ಮೈ?”

“ಬೇಕಾಗುತ್ತೆ” ಎಂದೆ. “ನಮ್ಮ ತಂದೆಗೆ ಬೇಕಾಗಿತ್ತು.”

ಅವರಿಗೆ ಆ ಕಥೆ ಪೂರ್ತಿ ಗೊತ್ತಿರಲಿಲ್ಲ, ಹೇಳಿದೆ. ತಂದೆಯ ಅರವತ್ತಮೂರರಲ್ಲಿ ಪರವೂರಿನ ಗಮಕಿಯೊಬ್ಬರು ಜಗಲಿಗೆ ಬಂದು, ಯಾರೂ ಕೇಳಿರದ ಒಂದು ತಮಾಷೆಯ ಪ್ರಸಂಗ ಓದಿದರು. ಎಮ್ಮೆ ಕಳೆದುಕೊಂಡವನೊಬ್ಬ ಊರೂರು ಹುಡುಕುವುದು. ಇಷ್ಟು ವಯಸ್ಸಾದ ಮೇಲೆ ಹೊಸ ಪದ್ಯ ಕೇಳಿ ಏನು ಪ್ರಯೋಜನ ಎಂದು ಜಗಲಿಯ ಅರ್ಧ ಜನ ಎದ್ದು ಹೋದರು. ತಂದೆ ಎದ್ದು ಹೋಗುವುದು ಮರ್ಯಾದೆಯಲ್ಲವೆಂದು ಕೂತರು. ತೊಂಬತ್ತಕ್ಕೆ ಅವರು ಹಾಸಿಗೆ ಹಿಡಿದರು, ಮಗ್ಗುಲು ಬದಲಿಸಲೂ ನಾನೇ ಬೇಕು. ಏಳು ವರ್ಷದ ಪದ್ಯ ಓದಿದರೆ ಪುಟ್ಟ ಹುಡುಗನಾಗಿ ಹಾಸಿಗೆಯಲ್ಲಿ ಕುಪ್ಪಳಿಸುತ್ತಿದ್ದರು, ಆದರೆ ಹುಡುಗನಿಗೆ ಕೊಡ ಎತ್ತಲಾಗುವುದಿಲ್ಲ, ಬಾಗಿಲ ಅಗುಳಿ ಎಟುಕುವುದಿಲ್ಲ. ಒಂದು ದಿನ “ಆ ಎಮ್ಮೆಯದ್ದು ಹೇಳೇ” ಎಂದರು. ಹೇಳತೊಡಗಿದೆ. ಎದ್ದು ನಿಂತರು. ಪಂಚೆ ಬಿಗಿದು, ತಾವೇ ನಡೆದು ಬಾವಿಯ ಹತ್ತಿರ ಹೋಗಿ, ನೀರು ಸೇದಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರ ಕೈಯೂ ಇಲ್ಲದೆ ಸ್ನಾನ. ಪದ್ಯ ಮುಗಿಯಬಾರದಲ್ಲ, ನಾನು ಬಾಗಿಲ ಹೊರಗೆ ನಿಂತು ಎಮ್ಮೆಯನ್ನು ಮತ್ತೆ ಮತ್ತೆ ಕಳೆಯುತ್ತಿದ್ದೆ. ಒಳಗಿನಿಂದ ನೀರಿನ ಸದ್ದಿನ ನಡುವೆ ತಂದೆ ಕೂಗಿದರು: “ಅರವತ್ತಮೂರು ಅಂದ್ರೆ ಏನು ಪ್ರಾಯ ಭಾಗೂ! ಇದ್ದಾಗ ಗೊತ್ತೇ ಆಗಲಿಲ್ಲ!”

ನಮ್ಮವರು ಬಹಳ ಹೊತ್ತು ಸೂಜಿಗೆ ದಾರ ಪೋಣಿಸಿದರು. ದಾರ ಆಗಲೇ ಪೋಣಿಸಿತ್ತು.

“ಹಾಗಾದ್ರೆ ಈಗಲೇ ಬೇಡ” ಎಂದರು ಕೊನೆಗೆ. “ಇವತ್ತು ಹೊಟ್ಟೆ ಉಬ್ಬರ. ಇದನ್ನೇ ಎಂಬತ್ತರ ತನಕ ಹೊತ್ಕೊಂಡು ಹೋಗೋಕ್ಕಾಗಲ್ಲ. ಸ್ವಲ್ಪ ರೆಡಿಯಾಗೋಣ.”

ಮರುದಿನದಿಂದ ಮನೆಯಲ್ಲಿ ಎಳ್ಳೆಣ್ಣೆಯ ವಾಸನೆ. ಮೊಣಕಾಲಿಗೆ ತಿಕ್ಕುವುದೇನು, ಬೆಳಿಗ್ಗೆ ಎದ್ದು ಕೆರೆ ಸುತ್ತುವುದೇನು, ಸಿಹಿ ಬಿಟ್ಟದ್ದೇನು. ನಾನೂ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದೆ, ಬೆರಳಿನ ಬೊಬ್ಬೆ ಮಾಯುವುದನ್ನು ಕಾದೆ. ಕೆರೆ ಏರಿಯ ಮೇಲೆ ದಾಸೇಗೌಡ ಇವರನ್ನು ಹಿಡಿದ.

“ಏನಣ್ಣೋ, ವಾಕಿಂಗು? ಡಾಕ್ಟ್ರು ಹೆದರಿಸಿದ್ರಾ?”

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಂಬತ್ತು, ಅರವತ್ತೊಂದು, ಮಾವನವರ ಸ್ನಾನ, ಎಲ್ಲ ಹೇಳಿಬಿಟ್ಟರು. ದಾಸೇಗೌಡ ಕಟ್ಟೆಯ ಮೇಲೆ ಕುಸಿದು ಕೂತನಂತೆ. “ಅಯ್ಯೋ ಶಿವನೇ. ಕೈಗೆ ಬಂದಿದ್ದನ್ನ ಚೀಲಕ್ಕೆ ಹಾಕಿ ಕೊಟ್ಟುಬಿಟ್ಟೆನಲ್ಲ” ಎಂದನಂತೆ. ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಟೀ ಅಂಗಡಿಗೆ ಹೋದ. ಅಂದ ಮೇಲೆ ಕೇಳಬೇಕೆ.

ಸಂಜೆಗೆ ಮೊದಲನೆಯವನು ಬಂದ. ಲಾಡಿ ಸಡಿಲ ಎಂಬ ನೆಪ. ಹೋಗುವಾಗ, “ಅತ್ತಿಗೆ, ಆ ಚೀಲದಲ್ಲಿ ನಂದೂ ಒಂದಿತ್ತು” ಎಂದ. ಮರುದಿನ ನಾಲ್ಕು ಜನ. ಹೀಗೆ ಚೀಲ ಬರಿದಾಯಿತು. ಊರಿನ ಚಹರೆಯೇ ಬದಲಾಯಿತು. ಹಲ್ಲಿನ ಡಾಕ್ಟರ ಮನೆ ಮುಂದೆ ಸಾಲು. ಕ್ಷೌರದಂಗಡಿಯಲ್ಲಿ ಇಲ್ಲದ ಕೂದಲಿಗೂ ಎಣ್ಣೆ. ಮುಖ ಊದಿಸಿಕೊಂಡಿದ್ದ ಅಣ್ಣತಮ್ಮಂದಿರು ರಾಜಿಯಾದರು, ರಕ್ತದೊತ್ತಡ ಏರಿದ ಹೊತ್ತಿನಲ್ಲಿ ಹಾಡು ಕೇಳಬಾರದಲ್ಲ. ಯಾರೂ ಇನ್ನೂ ಕೇಳಿರಲಿಲ್ಲ. “ನಂದು ಈ ಶೀತ ಒಂದು ಬಿಡಲಿ ಕಣೇ” ಎಂದು ಜಲಜಾಕ್ಷಿ ಮೂಗಿಗೆ ಹಬೆ ಹಿಡಿಯುತ್ತಿದ್ದಳು. “ಒಂದು ಸಲ ಹೆರಿಗೆ ಆಯ್ತು, ಇನ್ನು ಸಿಂಬಳ ಬೇಡ.”

ಹುಣ್ಣಿಮೆಯ ಬೆಳಿಗ್ಗೆ ಚಂಪಕಾ ಒಬ್ಬಳೇ ನಮ್ಮ ಮನೆಗೆ ಬಂದಳು. ನಮ್ಮವರು ಗೋಣಿಚೀಲವನ್ನು ಎತ್ತಿ ತೋರಿಸಿ, ತಲೆಕೆಳಗೆ ಮಾಡಿ ಕೊಡವಿದರು. ಒಂದು ಗುಂಡಿ ಬಿತ್ತು, ಅಷ್ಟೇ.

“ಎಲ್ಲಿ ಹೋಯ್ತು?”

“ಎಲ್ಲರೂ ವಾಪಸು ತಗೊಂಡ್ರು ಮೇಡಂ.”

ಅವಳ ಮುಖ ಅರಳಿತು. “ಹಾಗಾದ್ರೆ ಇಷ್ಟ ಆಯ್ತಾ? ಹೇಗಿದೆ ಅಂದ್ರು?”

“ಇನ್ನೂ ಯಾರೂ ಕೇಳಿಲ್ಲ.”

“ಮತ್ತೆ?”

“ರೆಡಿಯಾಗ್ತಿದಾರೆ.”

ನಮ್ಮವರು ವಿವರಿಸಿದರು. ಚಂಪಕಾ ಕೇಳುತ್ತ ಕೇಳುತ್ತ ನಗತೊಡಗಿದಳು, ನಗುತ್ತಲೇ ಸೋತಂತೆ ಗೋಡೆಗೆ ಒರಗಿದಳು. “ನಲವತ್ತು ವರ್ಷದಿಂದ ಹಾಡ್ತಿದೀನಿ. ಹರೆಯಕ್ಕೆ ಅಂತ ಕೇಳೋರು ಇದಾರೆ, ಮುಪ್ಪಿಗೆ ಅಂತ ಕೂಡಿಡೋರೂ ಇದಾರೆ. ಹಾಡು ಹೇಗಿದೆ ಅಂತ ಒಬ್ಬರಾದ್ರೂ ಹೇಳ್ರಪ್ಪ!”

ನಾನು ಬಾಗಿಲ ಬಳಿ ನಿಂತಿದ್ದೆ. ಹೇಳಬೇಕೋ ಬೇಡವೋ ಎಂದು ಅನುಮಾನಿಸಿ, ಹೇಳಿದೆ. “ಮೊದಲನೇ ಹಾಡಲ್ಲಿ ‘ಮೊಣಕಾಲನ್ನು’ ಅಂದ ಮೇಲೆ ಸ್ವಲ್ಪ ನಿಲ್ಲಿಸಿದ್ರಿ. ಆ ಜಾಗದಲ್ಲಿ ಹಾಡಿನ ಹೆಂಗಸು ಕುರ್ಚಿ ಹಿಡ್ಕೊಂಡು ಏಳ್ತಾ ಇರೋದು ನನಗೆ ಕಾಣಿಸ್ತು. ನಮ್ಮ ತಂದೆ ಪದ್ಯ ಓದುವಾಗ ಹೀಗೇ, ಅರ್ಥ ಎಲ್ಲಿ ಏಳಬೇಕೋ ಅಲ್ಲಿ ನಿಲ್ಲಿಸ್ತಿದ್ರು. ನಿಮ್ಮ ಹಳೇ ಹಾಡುಗಳಲ್ಲಿ ಮಾತು ಓಡುತ್ತೆ, ನನಗೆ ಹಿಂದೆ ಓಡೋಕ್ಕಾಗಲ್ಲ. ಇದು ನಿಂತು ಕರ್ಕೊಂಡು ಹೋಯ್ತು.”

ಚಂಪಕಾ ನನ್ನನ್ನೇ ನೋಡಿದಳು. “ಅದು ಉಸಿರು ಸಾಲದೆ ನಿಂತಿದ್ದು ತಾಯಿ.”

“ಅವರದ್ದೂ ಹಾಗೇ ಇತ್ತೇನೋ” ಎಂದೆ.

ಅವಳು ಕೂತಳು. ಅವತ್ತು ಬೋಂಡಾ ತಿಂದಳು, ನಾಲ್ಕು. ಬುಗುರಿ ಇನ್ನೂ ಒಂದು ವರ್ಷ ತಿರುಗಲಿ ನೋಡೋಣ ಎಂದು ಹೇಳಿ ಹೋದಳು.

ಅದಾದ ವಾರಕ್ಕೆ ನಮ್ಮ ದಿನ ಬಂತು. ಇಬ್ಬರೂ ತಲೆಗೆ ಎರೆದುಕೊಂಡು, ಹದವಾಗಿ ಉಂಡು, ಒಂದು ಸಣ್ಣ ನಿದ್ದೆ ತೆಗೆದು ಎದ್ದೆವು. ನಾನು ದೀಪ ಹಚ್ಚಿದೆ. “ಪಾಪ್ ಹಾಡಿಗೆ ದೀಪ ಯಾಕೆ?” ಎಂದರು ಇವರು. “ಶುಭಕಾರ್ಯ ಅಲ್ವಾ” ಎಂದೆ. ಮೊದಲನೆಯದನ್ನು ಬಿಟ್ಟೆವು, ಅದರಲ್ಲಿ ನನ್ನ ಬೆರಳು ಉರಿಯುತ್ತದೆ. ಎರಡನೆಯದು, ಮೂರನೆಯದು. ನನಗೆ ಜಗಲಿಯ ಅಭ್ಯಾಸ, ಕೈಮುಗಿದೇ ಕೂತಿದ್ದೆ. ಅವರು ತಮ್ಮ ಅಭ್ಯಾಸದಂತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಐದನೆಯ ಹಾಡಿನ ಹೊತ್ತಿಗೆ ಆ ತಾಳದ ಕೈ ನನ್ನ ಕೈಯ ಮೇಲಿತ್ತು. ಅರವತ್ತೊಂದರ ಕೈ, ಸೂಜಿ ಚುಚ್ಚಿ ಚುಚ್ಚಿ ಗಡುಸಾದದ್ದು. ನಾನು ಓರೆಗಣ್ಣಿನಿಂದ ನೋಡಿದೆ. ಮೀಸೆ ಚಿಗುರಿದ ಹುಡುಗನಲ್ಲ, ಸೆರಗು ಕಾಯುವ ಅಪ್ಪನಲ್ಲ. ನಮ್ಮ ಯಜಮಾನರೇ. ಕಣ್ಣು ಹೊಡೆದರು. ನನಗೆ ಬೈಯಬೇಕೆನಿಸಲಿಲ್ಲ.

ಏಳನೆಯದು ಮುಗಿಯಿತು. ಎಂಟನೆಯದು ಹತ್ತುವ ಮೊದಲೇ ಅವರು ಸರಕ್ಕನೆ ಎದ್ದು, ಮೊಣಕಾಲಿನ ಹಂಗಿಲ್ಲದೆ ಎದ್ದು, ಗುಂಡಿ ಒತ್ತಿ ನಿಲ್ಲಿಸಿಬಿಟ್ಟರು.

“ಯಾಕ್ರೀ?”

“ಇದೊಂದು ಇರಲಿ. ಎಂಬತ್ತಾದಾಗ ಕೇಳೋಣ.”

“ಎಂಬತ್ತಕ್ಕೆ ಯಾತಕ್ಕೆ?”

“ನೂರಕ್ಕೆ ಬೇಕಾಗಲ್ವೇನೇ?”

ಹೇಳುವುದು ಸುಲಭ. ಶೀತ ಬಿಟ್ಟ ಮೇಲೆ ಊರಿನವರೆಲ್ಲ ಆಲ್ಬಂ ಕೇಳಿದರು. ಎಲ್ಲರಿಗೂ ಹೆಚ್ಚು ಹಿಡಿಸಿದ್ದು ಆ ಎಂಟನೆಯದೇ ಅಂತೆ. ದಾಸೇಗೌಡ ಟೀ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಅದನ್ನೇ ಹಾಕುತ್ತಾನೆ. ನಾವು ತರಕಾರಿಗೆ ಹೋಗಬೇಕೆಂದರೆ ಆ ದಾರಿಯೇ ಗತಿ. ತಿರುವಿನಲ್ಲಿ ಅವರು “ಹೂಂ” ಎನ್ನುತ್ತಾರೆ, ಇಬ್ಬರೂ ಕಿವಿಗೆ ಬೆರಳು ತುರುಕಿಕೊಂಡು, ತೋಳಿನಲ್ಲಿ ಕೈಚೀಲ ಜೋತಾಡಿಸಿಕೊಂಡು ಬಿರಬಿರನೆ ಓಡುತ್ತೇವೆ. ದಾಸೇಗೌಡ ನಮ್ಮನ್ನು ನೋಡಿ ಬೇಕೆಂದೇ ದನಿ ಏರಿಸುತ್ತಾನೆ. ಓಡುತ್ತ ಇವರು ನನ್ನತ್ತ ತಿರುಗಿ ಏನೋ ಹೇಳುತ್ತಾರೆ. ಏನೆಂದು ನನಗೆ ಕೇಳಿಸುವುದಿಲ್ಲ. ಬೆರಳು ತೆಗೆಯದೆ, ಹೌದೆಂದು ತಲೆಯಾಡಿಸುತ್ತೇನೆ.